ನಿಮಗಿದು ಗೊತ್ತೆ? ಮಂಪರಿನಲ್ಲಿ ತಗ್ಗುವ ಮಿದುಳಿನ ಸದ್ದು

ಪಾರ್ಕಿನ್ಸನ್ಸ್ ರೋಗಿಯ ಮಿದುಳಿಗೆ ಎಲೆಕ್ಟ್ರೋಡ್ ಇಳಿಸುವಾಗ ರೋಗಿಯನ್ನು ಎಚ್ಚರವಾಗಿಯೇ ಇಡುವುದುಂಟು. ಮಿದುಳಿಗೆ ನೋವು ತಿಳಿಯದು; ನೆತ್ತಿಯ ಚರ್ಮವನ್ನಷ್ಟೇ ಮರಗಟ್ಟಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ನಡೆಯುವ ಈ ಚಿಕಿತ್ಸೆಯ ಹೆಸರು ಡೀಪ್ ಬ್ರೈನ್ ಸ್ಟಿಮ್ಯುಲೇಶನ್.

ಗುರಿಯಾದ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಕೆಲವೇ ಮಿಲಿಮೀಟರ್ ಅಗಲ. ಸ್ಕ್ಯಾನ್ ದಾರಿ ತೋರುತ್ತದೆ, ನಿಜ. ಆದರೆ ಸೂಕ್ಷ್ಮ ಎಲೆಕ್ಟ್ರೋಡ್ ಆ ಜಾಗ ಹೊಕ್ಕ ಕೂಡಲೇ ನರಕೋಶಗಳ ದಟ್ಟ ಚಟಪಟ ಸದ್ದು ಸ್ಪೀಕರಿನಲ್ಲಿ ಕೇಳುತ್ತದೆ. ವೈದ್ಯರಿಗೆ ಅದೇ ಗುರುತು.

ರೋಗಿಯ ಆತಂಕ ಕಳೆಯಲು ಕೊಡುವ ಮಂಪರಿನ ಔಷಧ ಪ್ರೊಪೊಫಾಲ್ ಈ ಸದ್ದನ್ನೇ ತಗ್ಗಿಸಬಲ್ಲದು. ಈ ಚಿಕಿತ್ಸೆಯ ಇನ್ನೊಂದು ಗುರಿಯಾದ ಗ್ಲೋಬಸ್ ಪ್ಯಾಲಿಡಸ್ ಎಂಬ ಭಾಗದಲ್ಲಂತೂ ಇನ್ನೂ ಹೆಚ್ಚು. ಕೈನಡುಕವೂ ಅಡಗಿಬಿಟ್ಟರೆ ವಿದ್ಯುತ್ ಸ್ಪಂದನದ ಪರಿಣಾಮ ಅಳೆಯುವುದೇ ಕಷ್ಟ. ಔಷಧ ನಿಲ್ಲಿಸಿದ ಕೆಲ ನಿಮಿಷಗಳಲ್ಲಿ ಸದ್ದು ಮರಳತೊಡಗುವುದು ಸಮಾಧಾನದ ಸಂಗತಿ. ಅಲ್ಪ ಪ್ರಮಾಣದ ಡೆಕ್ಸ್‌ಮೆಡೆಟೊಮಿಡಿನ್ ಎಂಬ ಇನ್ನೊಂದು ಮಂಪರಿನ ಔಷಧ ಅಷ್ಟು ಅಡ್ಡಿ ಮಾಡದು. ಕರೆದರೆ ರೋಗಿ ಓಗೊಡುತ್ತಾರೆ.

ಬಮ್ಮಿಗಟ್ಟಿಯಂಥ ಊರುಗಳಿಂದ ಹಿರಿಯರನ್ನು ಬೆಂಗಳೂರಿಗೆ ಕರೆದೊಯ್ಯುವ ಮನೆಯವರು ಎಚ್ಚರದ ಶಸ್ತ್ರಚಿಕಿತ್ಸೆಗೆ ಹೆದರಿ ಹಿಂಜರಿಯಬೇಕಿಲ್ಲ. ಪೂರ್ಣ ಅರಿವಳಿಕೆಯಲ್ಲೂ ಇದನ್ನು ಮಾಡುತ್ತಾರೆ. 2021ರಲ್ಲಿ ಪ್ರಕಟವಾದ, 110 ರೋಗಿಗಳ ಆಮ್‌ಸ್ಟರ್‌ಡಾಮ್ ಅಧ್ಯಯನದಲ್ಲಿ ಎರಡೂ ವಿಧಾನಗಳಿಂದ ಚಲನೆ ಸುಧಾರಿಸಿದ್ದು ಹೆಚ್ಚುಕಡಿಮೆ ಸಮನಾಗಿಯೇ.