ಬಿಸಿಲ ನಾಡಿನಲ್ಲಿ ದೂರದ ಮಾತು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವೊಂದಿದೆ. 1892ರಲ್ಲಿ ಬಿ.ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನು ಇಸಿಲದ ಮಹಾಮಾತ್ರರ ಆರೋಗ್ಯವನ್ನು ಮೊದಲು ಹಾರೈಸಿ, ಆ ಬಳಿಕ ದೊರೆಯ ಆಜ್ಞೆಯನ್ನು ತಿಳಿಸಿದ್ದಾನೆ. ಬರೆದ ಲಿಪಿಕಾರ ಚಪಡನ ಹೆಸರೂ ಕಲ್ಲಿನಲ್ಲಿ ಉಳಿದಿದೆ. ದೂರದ ಮಾತು ಈ ಸೀಮೆಗೆ ಬಂದು ಇಪ್ಪತ್ತೆರಡು ಶತಮಾನಗಳು ಮೀರಿದವು. ಆ ಬಂಡೆಗೆ ಬಿಸಿಲು ಏನನ್ನೂ ಮಾಡಲಿಲ್ಲ; ಇಂದು ಮಾತನ್ನು ಹೊರುವ ಯಂತ್ರಕ್ಕೆ ಬಿಸಿಲೇ ಶತ್ರುವಾಗಿದೆ.

ಕೆಲವು ವರ್ಷಗಳ ಹಿಂದೆ ನಾವು ಪ್ರವಚನಕ್ಕೆಂದು ಅದೇ ಸೀಮೆಯ ಒಂದು ಹಳ್ಳಿಯಲ್ಲಿ ತಂಗಿದ್ದೆವು. ಬೇಸಗೆಯ ರಾತ್ರಿ. ಕರೆಂಟು ಹೋಗಿ ಅರ್ಧ ಗಂಟೆಯೊಳಗೆ ಊರ ಹೊರಗಿನ ಮೊಬೈಲ್ ಟವರು ಸ್ತಬ್ಧವಾಯಿತು. ಪಕ್ಕದ ಮನೆಯ ಹೆಣ್ಣುಮಗಳಿಗೆ ಹೆರಿಗೆ ನೋವು ಕಾಣಿಸಿಕೊಂಡದ್ದೂ ಆಗಲೇ. ಆಂಬುಲೆನ್ಸ್ ಕರೆಯಲು ಯಾರ ಫೋನೂ ಕೆಲಸ ಮಾಡಲಿಲ್ಲ. ಆತಿಥೇಯರ ಮಗ ಮೋಟಾರ್ ಸೈಕಲ್ ಏರಿ ತಾಲ್ಲೂಕು ಕೇಂದ್ರಕ್ಕೆ ಓಡಿದನು. ತಾಯಿ ಮಗು ಇಬ್ಬರೂ ಉಳಿದರು. ಮರುದಿನ ಬಂದ ಮೆಕ್ಯಾನಿಕ್, ಬ್ಯಾಟರಿಗಳು ಕಾವಿಗೆ ಉಬ್ಬಿಹೋಗಿವೆಯೆಂದು ತಿಳಿಸಿದನು.

ಟವರಿನ ಯಂತ್ರಗಳು ಸಾಮಾನ್ಯವಾಗಿ 48 ವೋಲ್ಟ್ ನೇರ ವಿದ್ಯುತ್ತಿನಲ್ಲಿ ನಡೆಯುತ್ತವೆ. ಕಂಬದ ಮೇಲೆ ಬರುವುದು ಪರ್ಯಾಯ ವಿದ್ಯುತ್ತು. ಅದನ್ನು ರೆಕ್ಟಿಫೈಯರ್ ನೇರವಾಗಿಸಿ ಯಂತ್ರಕ್ಕೂ ಬ್ಯಾಟರಿಗೂ ಕೊಡುತ್ತದೆ. ಸೀಸ ಮತ್ತು ಆಮ್ಲದ ಬ್ಯಾಟರಿಗೆ 25 ಡಿಗ್ರಿ ಉಷ್ಣತೆ ಹಿತಕರ. ಅದಕ್ಕಿಂತ 10 ಡಿಗ್ರಿ ಏರಿದರೆ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ನಮ್ಮ ಬಯಲಿನ ತಗಡಿನ ಪೆಟ್ಟಿಗೆಯೊಳಗಿನ ಕಾವನ್ನು ಓದುಗರೇ ಊಹಿಸಿಕೊಳ್ಳಬಹುದು.

ಸ್ಥಳವನ್ನು ಅರಿತು ಯಂತ್ರ ರೂಪಿಸಿದ ಉದಾಹರಣೆ ನಮ್ಮ ನಾಡಿನಲ್ಲಿಯೇ ಇದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯು ಹಳ್ಳಿಗಳಿಗಾಗಿ 128 ಲೈನುಗಳ ಸ್ವಯಂಚಾಲಿತ ವಿನಿಮಯ ಕೇಂದ್ರವನ್ನು ತಯಾರಿಸಿತು. ಅಂತಹ ಮೊದಲ ಕೇಂದ್ರವು 1986ರಲ್ಲಿ ಕೆಲಸ ಆರಂಭಿಸಿದ್ದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಪರದೇಶದ ಯಂತ್ರಗಳು ಹವಾನಿಯಂತ್ರಿತ ಕೋಣೆಯನ್ನು ಬೇಡುತ್ತಿದ್ದಾಗ, ಇದು ನಮ್ಮ ಧೂಳು ಸೆಕೆಗಳಲ್ಲಿ ಅದಿಲ್ಲದೆಯೇ ನಡೆಯುವಂತೆ ರೂಪುಗೊಂಡಿತ್ತು. ಕಾವು ಕಡಿಮೆ ಹುಟ್ಟುವ ಬಿಡಿಭಾಗಗಳನ್ನು ಆರಿಸಿದ್ದೇ ಅದರ ಗುಟ್ಟು. ಇದನ್ನು ನಾವು ದೊಡ್ಡ ವಿದ್ವತ್ತೆಂದೇ ಭಾವಿಸುತ್ತೇವೆ.

ಇನ್ನು ಸೂರ್ಯನ ಮಾತು. ಸೌರಫಲಕ ಕೊಡುವುದು ನೇರ ವಿದ್ಯುತ್ತನ್ನೇ, ಟವರು ಬೇಡುವುದೂ ಅದನ್ನೇ. ನಡುವೆ ಇನ್ವರ್ಟರಿನ ಹಂಗಿಲ್ಲ. ವೋಲ್ಟೇಜನ್ನು ಹೊಂದಿಸುವ ಚಾರ್ಜ್ ಕಂಟ್ರೋಲರ್ ಸಾಕು. ಆದರೆ ಬಿಸಿಲು ಹೆಚ್ಚಿದಷ್ಟೂ ವಿದ್ಯುತ್ತು ಹೆಚ್ಚೆಂಬ ನಂಬಿಕೆ ಪೂರ್ತಿ ನಿಜವಲ್ಲ. ಸಿಲಿಕಾನ್ ಫಲಕವು 25 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೂ ನೂರಕ್ಕೆ ಸುಮಾರು 0.4ರಷ್ಟು ಸೋರುತ್ತದೆ. ನಡುಮಧ್ಯಾಹ್ನ ಫಲಕದ ಮೈ 65 ಡಿಗ್ರಿ ಮುಟ್ಟಿತೆಂದರೆ ನೂರರಲ್ಲಿ 16 ಪಾಲು ನಷ್ಟ. ಫಲಕದ ಹಿಂಬದಿ ಗಾಳಿಯಾಡಬೇಕು, ಧೂಳನ್ನು ಒರೆಸುತ್ತಿರಬೇಕು. ಮುಂಗಾರಿನ ಮೋಡದ ದಿನಗಳಲ್ಲಿ ಸೂರ್ಯ ಸೋತರೂ ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳು ಚುರುಕಾಗುತ್ತವೆ. ಗಾಳಿಯ ವೇಗ ಎರಡರಷ್ಟಾದರೆ ಅದರಲ್ಲಿನ ಶಕ್ತಿ ಎಂಟರಷ್ಟಾಗುತ್ತದೆ.

ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಸುಮಾರು 1,500 ಎಕರೆ. ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಆ ಅಮೃತಮಹಲ್ ಕಾವಲನ್ನು ವಿವಿಧ ಸಂಸ್ಥೆಗಳಿಗೆ ಹಂಚಿದಾಗ, ಅದನ್ನೇ ನಂಬಿ ಕುರಿ ದನ ಮೇಯಿಸುತ್ತಿದ್ದವರು ಆಕ್ಷೇಪಿಸಿದರು. ವ್ಯಾಜ್ಯವು ಹಸಿರು ನ್ಯಾಯಮಂಡಳಿಯ ಬಾಗಿಲಿಗೂ ಹೋಯಿತು. ಹುಲ್ಲು ಕಳೆದುಕೊಂಡವನ ಮೊಮ್ಮಗನಿಗೆ ಆ ವಿದ್ಯೆ ದಕ್ಕುವುದೇ ಎಂಬ ಪ್ರಶ್ನೆ ನಮ್ಮನ್ನು ಇಂದಿಗೂ ಕಾಡುತ್ತದೆ.

ನಮ್ಮ ಮನೆಗಳಲ್ಲಿ ಇಂಜಿನಿಯರಿಂಗ್ ಎಂದೊಡನೆ ಬೆಂಗಳೂರಿನ ಕಂಪ್ಯೂಟರಿನ ಮುಂದಿನ ಕುರ್ಚಿಯೇ ತಂದೆತಾಯಿಗಳ ಕಣ್ಣಿಗೆ ಕಟ್ಟುವುದುಂಟು. ಅಂದು ರಾತ್ರಿ ಮೋಟಾರ್ ಸೈಕಲ್ ಏರಿದ ಹುಡುಗನು ಈಗ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದಾನೆ. "ಬುದ್ಧಿ, ಇದನ್ನೋದಿ ಇವ ಊರಲ್ಲೇ ಉಳಿದ್ರೆ ಹೊಟ್ಟೆ ತುಂಬ್ತದಾ?" ಎಂದು ಅವನ ತಂದೆ ನಮ್ಮನ್ನು ಕೇಳಿದರು. ಸುತ್ತಲಿನ ಸೌರ ಪಂಪುಗಳು, ಟವರುಗಳು, ಗಾಳಿಯಂತ್ರಗಳು, ಇವುಗಳ ರಿಪೇರಿಗೆ ಈಗ ಎಲ್ಲಿಂದ ಜನ ಬರುತ್ತಾರೆಂದು ನಾವು ಮರಳಿ ಕೇಳಿದೆವು. ಅವರು ಉತ್ತರಿಸುವ ಮೊದಲೇ ಹುಡುಗನು ಮಲ್ಟಿಮೀಟರ್ ಹಿಡಿದು ನೆರೆಮನೆಯ ಸೌರದೀಪವನ್ನು ನೋಡಲು ಹೊರಟನು.