ಮಣ್ಣು ಮರೆಯದ ಗೋಡೆ

ಉಡುಪಿಯಿಂದ ಉತ್ತರಕ್ಕೆ ಹೊರಟು, ಬ್ರಹ್ಮಾವರವನ್ನು ದಾಟಿ, ಸೀತಾನದಿಯ ನೆರೆಯಲ್ಲಿ ತೆಂಗು ಕಂಗುಗಳ ನಡುವೆ ಹರಡಿಕೊಂಡಿರುವ ಬಾರಕೂರನ್ನು ಹೊಕ್ಕವರಿಗೆ, ಇಲ್ಲೊಂದು ರಾಜಧಾನಿಯಿತ್ತೆಂದು ನಂಬಿಸುವುದಕ್ಕಾಗಿ ಊರಿನ ಹಿರಿಯರು ಮೊದಲು ಹೇಳುವುದು ದಿನಕ್ಕೊಂದರಂತೆ ಇದ್ದುವೆನ್ನುವ 365 ದೇವಾಲಯಗಳ ಕಥೆಯನ್ನು. ಅನಂತರ ತೋರಿಸುವುದು ಕೋಟೆಯನ್ನು. ಕೋಟೆಯೆಂದರೆ ಪೊದೆ ಬೆಳೆದ ದಿಬ್ಬ, ಹೂಳು ತುಂಬಿದ ಕಂದಕ, ಅಲ್ಲಲ್ಲಿ ತಲೆಯೆತ್ತಿದ ಮುರಕಲ್ಲಿನ ಗೋಡೆ, ಇಷ್ಟೆ. ಅರಮನೆ ಯಾವ ಕಡೆಗೆ ಮುಖ ಮಾಡಿತ್ತು, ಅಡುಗೆಯವರು ಎಲ್ಲಿ ಒಲೆ ಹೂಡಿದ್ದರು, ಕಾವಲಿನವನು ಮಳೆಗಾಲದ ರಾತ್ರಿಗಳನ್ನು ಯಾವ ಚಾವಡಿಯಲ್ಲಿ ಕಳೆಯುತ್ತಿದ್ದ ಎಂದು ಕೇಳಿದರೆ ಕಲ್ಲುಗಳು ಮಾತಾಡುವುದಿಲ್ಲ. ಮಾತಾಡಬಲ್ಲದ್ದು ಅವುಗಳ ಕೆಳಗಿನ ಮಣ್ಣು. ಆದರೆ ಆ ಮಣ್ಣಿನ ಭಾಷೆಯನ್ನು ಕಲಿತವರು ನಮ್ಮಲ್ಲಿ ಬಹಳ ವಿರಳ.

ಪುರಾತತ್ತ್ವವೆಂದೊಡನೆ ಸಿಂಧೂ ಕಣಿವೆಯನ್ನೋ ಬೃಹತ್ ಶಿಲಾಸಮಾಧಿಗಳನ್ನೋ ನೆನೆಯುವ ನಾವು, ಐನೂರು ಆರುನೂರು ವರ್ಷಗಳ ಹಿಂದಿನ ಬದುಕಿಗೆ ಶಾಸನಗಳೂ ಕಾವ್ಯಗಳೂ ಸಾಕೆಂದು ಭಾವಿಸಿಬಿಟ್ಟಿದ್ದೇವೆ. ಶಾಸನಗಳಿಗೆ ಇಲ್ಲಿ ಕೊರತೆಯಿಲ್ಲವೆಂಬುದು ನಿಜ. ಉದ್ಯಾವರದಲ್ಲಿ ಆಳಿ ಬಾರಕೂರಿಗೆ ಬಂದ ಆಳುಪರು, 14ನೆಯ ಶತಮಾನದ ನಡುಭಾಗದಲ್ಲಿ ಬಾರಕೂರನ್ನು ಒಂದು ರಾಜ್ಯವನ್ನಾಗಿಸಿ ಅಧಿಕಾರಿಗಳನ್ನು ನೇಮಿಸಿದ ವಿಜಯನಗರದ ಅರಸರು, ಅವರ ತರುವಾಯ ಘಟ್ಟವಿಳಿದು ಬಂದ ಕೆಳದಿಯ ನಾಯಕರು, ಎಲ್ಲರೂ ಬರೆಹವನ್ನು ಬಿಟ್ಟುಹೋಗಿದ್ದಾರೆ. ಆದರೆ ಶಾಸನ ಹೇಳುವುದು ದಾನ ಕೊಟ್ಟವನ, ಪಡೆದವನ ಮತ್ತು ಅದಕ್ಕೆ ತಪ್ಪಿದವನಿಗೆ ತಟ್ಟುವ ಪಾಪದ ವಿಷಯವನ್ನು. ದಾನದ ಅಕ್ಕಿಯನ್ನು ಬೇಯಿಸಿದ ಮಡಕೆಯ ವಿಷಯವನ್ನಲ್ಲ. ‘ಬಾರಕೂರು ಗದ್ಯಾಣ’ವೆಂಬ ನಾಣ್ಯದ ಹೆಸರು ಕಲ್ಲಿನಲ್ಲಿದೆ, ಅದನ್ನು ಅಚ್ಚುಹಾಕಿದ ಟಂಕಸಾಲೆಯ ಕುಲುಮೆ ಎಲ್ಲಿತ್ತೆಂಬುದನ್ನು ಬೂದಿಯೇ ಹೇಳಬೇಕು. ಈ ಕರಾವಳಿಯನ್ನು ಹಾದುಹೋದ ಇಬ್ನ್ ಬತೂತಾ, ತಾನು ಫಾಕನೂರೆಂದು ಕರೆದ ಈ ಪಟ್ಟಣದ ಅರಸನಿಗೆ ಸುಮಾರು ಮೂವತ್ತು ಯುದ್ಧನೌಕೆಗಳಿದ್ದುವೆಂದು ಬರೆದ. ಅವು ತಂಗುತ್ತಿದ್ದ ದಂಡೆ ಈಗ ಯಾರ ಗದ್ದೆಯ ಅಡಿಯಲ್ಲಿದೆಯೋ!

ಈ ನೆಲವನ್ನು ಓದುವ ವಿದ್ಯೆ ಇಲ್ಲಿನ ತರಗತಿಗಳಲ್ಲೇ ಮೊಳೆತುದೆಂಬುದನ್ನು ಅಭಿಮಾನದಿಂದ ಹೇಳಬೇಕು. ಈಗಿನ ಕಾಪು ತಾಲ್ಲೂಕಿನ ಪಾದೂರಿನವರಾದ ಗುರುರಾಜ ಭಟ್ಟರು ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದವರು. ಊರೂರಿನ ಗುಡಿಗಳಿಗೆ ಹೋಗಿ, ಮೂರ್ತಿಯ ನಿಲುವನ್ನೂ ಪ್ರಭಾವಳಿಯ ಕೆತ್ತನೆಯನ್ನೂ ಒಂದನ್ನೊಂದಕ್ಕೆ ಹೋಲಿಸಿ ಕಾಲವನ್ನು ನಿರ್ಣಯಿಸುತ್ತ, 1975ರಲ್ಲಿ ತುಳುನಾಡಿನ ಇತಿಹಾಸ ಮತ್ತು ಸಂಸ್ಕೃತಿಯನ್ನು ಕುರಿತ ಬೃಹದ್ಗ್ರಂಥವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅದೇ ಕಾಪು ತಾಲ್ಲೂಕಿನ ಶಿರ್ವದಲ್ಲಿ, ಮುಲ್ಕಿ ಸುಂದರರಾಮ ಶೆಟ್ಟಿ ಕಾಲೇಜಿನಲ್ಲಿ, ಪ್ರಾಚೀನ ಇತಿಹಾಸ ಮತ್ತು ಪುರಾತತ್ತ್ವವನ್ನು ಬೋಧಿಸಿದ ಟಿ. ಮುರುಗೇಶಿಯವರ ಶೋಧಗಳನ್ನು ಪತ್ರಿಕೆಗಳ ಓದುಗರು ಬಲ್ಲರು. ಒಂದು ಹಳ್ಳಿಯ ಕಾಲೇಜಿನಲ್ಲಿ ಇಂಥ ವಿಷಯಕ್ಕೆ ಆಸನ ದೊರೆತುದು ಅಲ್ಪ ಸಂಗತಿಯಲ್ಲ.

ತರಗತಿ ಕಲಿಸಬೇಕಾದುದು ಮೊದಲು ಕಣ್ಣಿನ ಅಭ್ಯಾಸವನ್ನು: ಜೋಡಿ ಮೀನಿನ ಗುರುತುಳ್ಳ ಆಳುಪ ನಾಣ್ಯವನ್ನು ಸವೆದಿದ್ದರೂ ಗುರುತಿಸುವುದು, ಬೇರೆ ಬೇರೆ ಶತಮಾನಗಳ ಅಕ್ಷರಗಳ ತಲೆಕಟ್ಟನ್ನು ಬೇರ್ಪಡಿಸುವುದು, ಮಡಕೆಯ ಅಂಚಿನ ಒಂದು ಚೂರನ್ನು ಹಿಡಿದು ಅದು ನೀರಿನ ಕೊಡದ್ದೋ ಮೀನಿನ ಪದಾರ್ಥ ಕುದಿಸಿದ ಬಿಸಲೆಯದ್ದೋ ಎಂದು ಹೇಳುವುದು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಹಸ್ತಶಿಲ್ಪ ಪರಂಪರೆಯ ಗ್ರಾಮವೂ ನನ್ನ ಎಣಿಕೆಯಲ್ಲಿ ಇಂಥ ತರಗತಿಯೇ. ಮರದ ಕಂಬವೊಂದು ಕಲ್ಲಿನ ಪೀಠದ ಮೇಲೆ ಹೇಗೆ ಕೂರುತ್ತದೆಂದು ಅಲ್ಲಿ ಕಂಡವನು, ಮರವೆಲ್ಲ ಗೆದ್ದಲಿನ ಪಾಲಾಗಿ ಪೀಠಗಳು ಮಾತ್ರ ಉಳಿದ ನೆಲದಲ್ಲಿ ಇಡಿಯ ಚಾವಡಿಯನ್ನು ಮನಸ್ಸಿನಲ್ಲಿ ಎತ್ತಿ ನಿಲ್ಲಿಸಬಲ್ಲನು.

ಇನ್ನು ಉತ್ಖನನ. ಅಗೆಯುವುದೆಂದರೆ ಓದಿದ ಹಾಳೆಯನ್ನು ಓದುತ್ತಿರುವಂತೆಯೇ ಸುಟ್ಟುಹಾಕುವುದು. ಒಮ್ಮೆ ತೆಗೆದ ಪದರವನ್ನು ಮತ್ತೆ ಯಾರೂ ಹಾಗೆಯೇ ಹಾಸಲಾರರು. ಆದುದರಿಂದಲೇ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ ಅಗೆತ ನಡೆಸಿದಾಗ, ನೆಲವನ್ನು ಚೌಕಗಳಾಗಿ ವಿಭಾಗಿಸಿ, ನಡುವೆ ಮಣ್ಣಿನ ದಂಡೆಗಳನ್ನು ಬಿಟ್ಟು, ಆ ದಂಡೆಗಳ ಬದಿಯಲ್ಲಿ ಕಾಣುವ ಪದರಗಳಿಗೆ ಒಂದೊಂದಾಗಿ ಸಂಖ್ಯೆ ಕೊಡುವ ಕ್ರಮವನ್ನು ಶಿಷ್ಯರಿಗೆ ತೋರಿಸಿದುದು.

ನಮ್ಮ ಕರಾವಳಿಯ ಕೋಟೆಯಲ್ಲಿ ಅಂಥದೊಂದು ಚೌಕವನ್ನು ತೋಡಿದರೆ ಏನು ಕಂಡೀತು? ಮೇಲೆ ಬೇರು ಹೆಣೆದ ಕಪ್ಪು ಮಣ್ಣು. ಅದರ ಕೆಳಗೆ ಚಪ್ಪಟೆಯ ಮಂಗಳೂರು ಹಂಚಿನ ಒಂದು ಚೂರು. ಬಾಸೆಲ್ ಮಿಷನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದುದು 1865ರಲ್ಲಿ. ಆದುದರಿಂದ ಆ ಚೂರು ಬಿದ್ದ ಪದರ ಅದಕ್ಕಿಂತ ಹಿಂದಿನದಾಗಿರಲಾರದು. ಇನ್ನೂ ಕೆಳಗೆ, ಕುಂಬಾರನ ಬೆರಳಿನ ಗೀರು ಮೂಡಿದ ದುಂಡನೆಯ ನಾಡಹಂಚು, ಇದ್ದಿಲು, ಮಸಿ ಹಿಡಿದ ಬಿಸಲೆಯ ತುಂಡು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ, ಹುಳಿ ಮಣ್ಣಿನ ಈ ನಾಡಿನಲ್ಲಿ ಎಲುಬು ಕರಗುತ್ತದೆ, ಕಬ್ಬಿಣ ತುಕ್ಕಿನ ಮುದ್ದೆಯಾಗುತ್ತದೆ. ಸುಟ್ಟ ಮಣ್ಣು ಮಾತ್ರ ನಿಲ್ಲುತ್ತದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಹಿಡಿದು ನಿಲ್ಲಿಸುವುದು ಇಲ್ಲದ ಗೋಡೆ. ಹಾಳುಬಿದ್ದ ಕೋಟೆಯ ಮುರಕಲ್ಲನ್ನು ಕಿತ್ತು ಹೊಸ ಮನೆಯ ಪಂಚಾಂಗಕ್ಕೋ ತೋಟದ ಪಾಗಾರಕ್ಕೋ ಹಾಕುವುದು ನಮ್ಮಲ್ಲಿ ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಕಲ್ಲು ಹೋದರೂ, ಅದನ್ನು ಕಿತ್ತ ಓಣಿಯಲ್ಲಿ ಕಾಲಕ್ರಮದಲ್ಲಿ ತುಂಬಿಕೊಂಡ ಸಡಿಲವಾದ ಕಪ್ಪು ಮಣ್ಣು ಸುತ್ತಲಿನ ಗಟ್ಟಿ ಕೆಮ್ಮಣ್ಣಿನಲ್ಲಿ ಗೆರೆ ಎಳೆದಂತೆ ಬೇರೆಯಾಗಿಯೇ ಇರುತ್ತದೆ. ಕರಣೆಯಿಂದ ನೆಲವನ್ನು ನಯವಾಗಿ ಹೆರೆದು ಸ್ವಲ್ಪ ನೀರು ಚಿಮುಕಿಸಿದರೆ, ಗೋಡೆಯ ಅಗಲ, ತಿರುವು, ಬಾಗಿಲಿನ ಎಡೆ ಎಲ್ಲವೂ ಛಾಯೆಯಂತೆ ಮೂಡಿಬರುತ್ತವೆ. ಕಲ್ಲನ್ನು ಒಯ್ದವನಿಂದ ಆದ ನಷ್ಟವನ್ನು ಹೀಗೆ ಭಾಗಶಃ ತುಂಬಿಕೊಳ್ಳಬಹುದು. ಆದರೆ ಕೊಪ್ಪರಿಗೆಯ ಆಸೆಯಿಂದ ಅಮಾವಾಸ್ಯೆಯ ರಾತ್ರಿ ಹಾರೆ ಪಿಕ್ಕಾಸಿಗಳನ್ನು ಹಿಡಿದು ಬರುವವನು ಈ ಛಾಯೆಯನ್ನೇ ಕಲಸಿಬಿಡುತ್ತಾನೆ. ಅವನು ಮಾಡಿದ ಕೇಡಿಗೆ ಯಾವ ವಿದ್ಯೆಯಲ್ಲಿಯೂ ಪರಿಹಾರವಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈ ವಿದ್ಯೆಯನ್ನು ಶ್ರದ್ಧೆಯಿಂದ ನಡೆಸಿದವರೂ ಇದ್ದಾರೆ. ಇಂಗ್ಲೆಂಡಿನಲ್ಲಿ ವಾರಂ ಪರ್ಸಿಯೆಂಬ ಪಾಳುಬಿದ್ದ ಮಧ್ಯಯುಗದ ಹಳ್ಳಿಯೊಂದನ್ನೇ 1950ರಿಂದ ನಾಲ್ವತ್ತು ವರ್ಷ ಅಗೆದು ಓದಿದರು, ನಮ್ಮಲ್ಲಿಯೂ ಆರ್. ಎನ್. ಮೆಹ್ತಾ ಅವರು ಬರೋಡದ ವಿಶ್ವವಿದ್ಯಾಲಯದ ಪರವಾಗಿ ಗುಜರಾತಿನ ಚಾಂಪಾನೇರ್ ನಗರದಲ್ಲಿ ಉತ್ಖನನ ನಡೆಸಿದರು. ಹತ್ತಿರದ ಉದಾಹರಣೆ ಬೇಕಾದರೆ ಕುಮಟೆಯ ಮಿರ್ಜಾನ್ ಕೋಟೆಯಿದೆ. ನಮ್ಮದೇ ಮುರಕಲ್ಲಿನಿಂದ ಕಟ್ಟಿದ ಆ ಕೋಟೆಯಲ್ಲಿ 2000–01ರಲ್ಲಿ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಅಗೆದಾಗ ಪೋರ್ಚುಗೀಸರ ಚಿನ್ನದ ನಾಣ್ಯ, ಗುಂಡುಗಳು, ಚೀನಾದ ಪಿಂಗಾಣಿಯ ಚೂರುಗಳು ದೊರೆತುವು. ಮೆಣಸನ್ನು ಕಳುಹಿಸಿದ ಕರಾವಳಿಗೆ ಜಗತ್ತು ಏನನ್ನು ಹಿಂದಿರುಗಿಸಿತೆಂಬ ಲೆಕ್ಕ ಅಂಗೈಯಷ್ಟು ಪಿಂಗಾಣಿಯಲ್ಲಿದೆ.

ಕಾಪುವಿನ ಬಳಿ ಕೆಳದಿಯ ಇಮ್ಮಡಿ ಬಸಪ್ಪನಾಯಕ 18ನೆಯ ಶತಮಾನದ ನಡುಭಾಗದಲ್ಲಿ ಕಟ್ಟಿಸಿದ ಮನೋಹರಗಡವೂ ಇಂಥ ಶ್ರದ್ಧೆಗಾಗಿ ಕಾದಿದೆ. ಕಾರ್ಕಳದಲ್ಲಿ ನನ್ನ ಕುತೂಹಲ ಬೇರೆ ಬಗೆಯದು. ವೀರಪಾಂಡ್ಯ ಭೈರರಸ 1432ರಲ್ಲಿ ನಿಲ್ಲಿಸಿದ 42 ಅಡಿಯ ಬಾಹುಬಲಿಯನ್ನು ಎಲ್ಲರೂ ತಲೆಯೆತ್ತಿ ನೋಡುತ್ತಾರೆ. ಆ ಮಹಾಶಿಲೆಯನ್ನು ಕಡೆದು ಗುಡ್ಡಕ್ಕೇರಿಸಿದ ಕೂಲಿಕಾರರ ಬಿಡಾರವೂ, ಉಳಿಗೆ ಸಾಣೆ ಹಿಡಿದ ಕಮ್ಮಾರನ ಕುಲುಮೆಯೂ ಎಲ್ಲೋ ಅಡಿಯಲ್ಲಿರಲೇಬೇಕಲ್ಲವೆ?

ಅಗೆಯುವುದಕ್ಕೆ ಸರಕಾರದ ಅನುಮತಿ ಬೇಕು. ಪರವಾನಗಿಯಿಲ್ಲದೆ ಸಂರಕ್ಷಿತ ನೆಲಕ್ಕೆ ಗುದ್ದಲಿ ಹಾಕುವುದು 1958ರ ಕಾಯಿದೆಯಂತೆ ಅಪರಾಧ. ಆದರೆ ನೋಡುವುದಕ್ಕೆ ಪರವಾನಗಿ ಬೇಡ. ವಿದ್ಯಾರ್ಥಿಗಳು ಟೇಪನ್ನೂ ನೋಟುಪುಸ್ತಕವನ್ನೂ ಹಿಡಿದು ದಿಬ್ಬದ ಏರಿಳಿತವನ್ನು ಅಳೆಯಬಹುದು, ಉಳಿದ ಗೋಡೆಯ ನಕ್ಷೆ ಬರೆಯಬಹುದು, ಯಾರ ಮನೆಯ ಮೆಟ್ಟಿಲಿಗೆ ಕೆತ್ತನೆಯ ಕಲ್ಲೊಂದು ಬಂದು ಕೂತಿದೆಯೆಂದು ಅಲ್ಲಿನ ಅಜ್ಜಿಯನ್ನು ಕೇಳಿ ಗುರುತು ಹಾಕಿಕೊಳ್ಳಬಹುದು. ಮುಂದೊಂದು ದಿನ ಅಗೆತ ನಡೆದಾಗ ಎಲ್ಲಿ ತೋಡಬೇಕೆಂಬುದನ್ನು ತೋರಿಸಿಕೊಡುವುದು ಅದೇ ಪುಸ್ತಕ. ಆಗಲೂ ನೆಲವನ್ನೆಲ್ಲ ತೋಡುವುದಿಲ್ಲ. ತಮಗಿಂತ ಬಲ್ಲವರು ಬಂದಾರೆಂದು ಒಂದು ಪಾಲನ್ನು ಮುಟ್ಟದೆ ಬಿಟ್ಟು, ತೆರೆದ ಗುಂಡಿಗಳ ತಳಕ್ಕೆ ಗುರುತಿಗಾಗಿ ಒಂದು ಹಾಳೆ ಹಾಸಿ, ಕಾರ್ತೆಲ್ ತಿಂಗಳಿನ ಮೊದಲ ಮಳೆ ಬೀಳುವ ಮೊದಲೇ ಅದೇ ಮಣ್ಣಿನಿಂದ ಮುಚ್ಚುತ್ತಾರೆ.