ಮರುಭೂಮಿಯ ಚಿರಂಜೀವಿ

ದೀರ್ಘಾಯುಷ್ಯದ ಮಾತು ಬಂದೊಡನೆ ನಮ್ಮ ಮನಸ್ಸು ಆಲ, ಅರಳಿಗಳಂಥ ಮಹಾವೃಕ್ಷಗಳತ್ತ ಹರಿಯುತ್ತದೆ. ಆದರೆ ಸಾಮಾನ್ಯವಾಗಿ 1ರಿಂದ 3 ಮೀಟರು ಮಾತ್ರ ಬೆಳೆಯುವ ಪೊದೆಯೊಂದು ಅವನ್ನೆಲ್ಲ ಹಿಂದೆ ಹಾಕಿದೆಯೆಂದರೆ ಅಚ್ಚರಿಯಲ್ಲವೆ? ಅದೇ ಕ್ರಿಯೊಸೋಟ್ ಪೊದೆ. ಸಸ್ಯಶಾಸ್ತ್ರಜ್ಞರು ಇದನ್ನು ‘ಲ್ಯಾರಿಯ ಟ್ರೈಡೆಂಟಾಟ’ ಎಂದು ಕರೆಯುವರು. ಅಮೆರಿಕ ಸಂಯುಕ್ತ ಸಂಸ್ಥಾನಗಳ ನೈಋತ್ಯ ಭಾಗದಲ್ಲಿಯೂ ಮೆಕ್ಸಿಕೋದ ಉತ್ತರದಲ್ಲಿಯೂ ಹಬ್ಬಿರುವ ಮೊಹಾವಿ, ಸೊನೋರ, ಚಿವಾವ ಮರುಭೂಮಿಗಳು ಇದರ ತವರು. ನಮ್ಮ ಹೊಲಗಳ ನೆಗ್ಗಿಲು ಮುಳ್ಳು ಇದರ ಕುಟುಂಬಕ್ಕೇ ಸೇರಿದುದು. ಎರಡರ ಹೂವಿಗೂ ಐದು ಹಳದಿ ಎಸಳುಗಳು.

ಮಳೆ ಕಾಣದ ನೆಲದಲ್ಲಿ ಈ ಪೊದೆಯು ಹಸುರಾಗಿಯೇ ಉಳಿಯುವುದು ಹೇಗೆ? ಇದರ ಪುಟ್ಟ ಎಲೆಗಳ ಮೇಲೆ ರಾಳದ ಲೇಪವಿದೆ. ಅದು ನೀರು ಆವಿಯಾಗುವುದನ್ನು ತಗ್ಗಿಸುತ್ತದೆ. ಅದರ ಕಹಿಗೆ ಮೇಯುವ ಪ್ರಾಣಿಗಳೂ ಹಿಂಜರಿಯುತ್ತವೆ. ಬರವು ಬಲಿತಾಗ ಪೊದೆಯು ಹಳೆಯ ಎಲೆಗಳನ್ನೂ ಕೆಲವು ರೆಂಬೆಗಳನ್ನೂ ತೊರೆದು, ತುದಿಯ ಎಳೆಯ ಎಲೆಗಳಿಂದಲೇ ಜೀವ ಹಿಡಿದಿರುತ್ತದೆ. ಮಳೆ ಬಿದ್ದಿತೆಂದರೆ ರಾಳದ ಘಾಟು ಗಾಳಿಯನ್ನೆಲ್ಲ ತುಂಬುತ್ತದೆ. ಆ ನಾಡಿನ ಜನರಿಗೆ ಅದೇ ಮಳೆಯ ವಾಸನೆ. ಇದರ ಪರಾಗವನ್ನೇ ನೆಚ್ಚಿ ಬಾಳುವ ಒಂಟಿ ಜೇನ್ನೊಣಗಳ ಜಾತಿಗಳೇ 20ಕ್ಕೂ ಹೆಚ್ಚು.

ಇನ್ನು ಆಯುಸ್ಸಿನ ಗುಟ್ಟು. ಪೊದೆಗೆ ವಯಸ್ಸಾದಂತೆ ಅದರ ಬುಡವು ಸೀಳಿ ಹೋಳುಗಳಾಗುತ್ತದೆ. ನಡುವಿನ ಕಾಂಡಗಳು ಸಾಯುತ್ತವೆ. ಅಂಚಿನವು ಹೊರಹೊರಗೆ ಚಿಗುರುತ್ತವೆ. ಹೀಗೆ ಒಂದೇ ಬೀಜದಿಂದ ಹುಟ್ಟಿದ ಗಿಡವು ಕಾಲಕ್ರಮದಲ್ಲಿ ಬಳೆಯಂತಹ ವೃತ್ತವಾಗುತ್ತದೆ. ಕ್ಯಾಲಿಫೋರ್ನಿಯದ ಲೂಸರ್ನ್ ಕಣಿವೆಯ ಸಮೀಪದಲ್ಲಿರುವ ‘ಕಿಂಗ್ ಕ್ಲೋನ್’ ಎಂಬ ವೃತ್ತದ ಉದ್ದ ಸುಮಾರು 20 ಮೀಟರು. ವಿಜ್ಞಾನಿ ಫ್ರಾಂಕ್ ವಾಸೆಕ್ ಅವರು ಒಣಗಿದ ಕಟ್ಟಿಗೆಯ ವಯಸ್ಸನ್ನು ರೇಡಿಯೊ ಇಂಗಾಲದಿಂದ ಅಳೆದು, ಬೆಳವಣಿಗೆಯ ವೇಗವನ್ನು ಲೆಕ್ಕಹಾಕಿದರು. ಆ ವೇಗವು ವರ್ಷಕ್ಕೆ 1 ಮಿಲಿಮೀಟರಿಗಿಂತಲೂ ಕಡಮೆ! 1980ರಲ್ಲಿ ಅವರು ಪ್ರಕಟಿಸಿದ ಅಂದಾಜಿನಂತೆ ಈ ಗಿಡದ ವಯಸ್ಸು ಸುಮಾರು 11,700 ವರ್ಷ. ಹಿಮಯುಗವು ಮುಗಿಯುತ್ತಿದ್ದಾಗ ಮೊಳೆತ ಬೀಜದ ಬಾಳು ಇಂದಿಗೂ ಹೂ ಬಿಡುತ್ತಿದೆಯೆಂದಾಯಿತು.

ಇಷ್ಟು ಗಟ್ಟಿಜೀವಕ್ಕೂ ಅಪಾಯ ತಪ್ಪಿಲ್ಲ. ಹೊರನಾಡಿನಿಂದ ಬಂದ ಹುಲ್ಲುಗಳು ಪೊದೆಗಳ ನಡುವಣ ಬಯಲನ್ನು ತುಂಬಿ, ಒಣಗಿ, ಬೆಂಕಿಗೆ ದಾರಿ ಮಾಡಿಕೊಡುತ್ತಿವೆ. ಬರವನ್ನು ಗೆಲ್ಲುವ ಈ ಗಿಡಕ್ಕೆ ಬೆಂಕಿಯನ್ನು ಗೆಲ್ಲುವ ಶಕ್ತಿ ಬಹಳ ಕಡಮೆ. ವಾಹನಗಳ ಚಕ್ರಗಳೂ ಇದರ ಬುಡವನ್ನು ಜಜ್ಜಿಹಾಕುತ್ತವೆ. ಕಿಂಗ್ ಕ್ಲೋನ್ ಇರುವ ನೆಲವನ್ನು ಈಗ ರಕ್ಷಿತ ಪ್ರದೇಶವನ್ನಾಗಿ ಮಾಡಿದ್ದಾರೆ. ಆದರೆ ಹೆಸರಿಲ್ಲದ ಹಳೆಯ ವೃತ್ತಗಳು ಬೇಲಿಯ ಹೊರಗೂ ಇವೆ. ಒಂದು ಚಕ್ರ ಒಂದು ಕ್ಷಣದಲ್ಲಿ ಅಳಿಸುವ ಒಂದು ಅಂಗೈಯಗಲವನ್ನು ತುಂಬಲು ಇಂತಹ ಗಿಡಕ್ಕೆ ನೂರು ವರ್ಷವಾದರೂ ಬೇಕೆಂಬುದನ್ನು ನಾವು ನೆನೆಯಬೇಕು.